ವೇಷದಿಂದ ಪಾತ್ರದೆಡೆಗೆ: ಸಲೀಂ ಮಿರ್ಜಾ, ಹಸೀನಾ, ಗುಲಾಬಿ

‘ಪಾತ್ರಕ್ಕೆ ಜೀವ ತುಂಬಿದ್ದಾರೆ’ ಎಂಬುದು ನಮ್ಮ ಸಿನಿಮಾ ವಿಮರ್ಶೆಗಳಲ್ಲಿ ಸವೆದು ಹೋದ ನಾಣ್ಯ. ನಾಯಕಿ ಅತ್ತರೂ ಜೀವ ತುಂಬಿದರು, ಖಳನಾಯಕ ಗುಡುಗಿದರೂ ಜೀವ ತುಂಬಿದರು. ಆದರೆ ಈ ಜೀವ ಎಲ್ಲಿಂದ ಬರುತ್ತದೆ? ನಟನ ಸ್ವಂತ ಬದುಕಿನಿಂದಲೋ, ಆತ ಹತ್ತಿರದಿಂದ ಕಂಡ ಇನ್ನೊಬ್ಬರ ಬದುಕಿನಿಂದಲೋ ಅಥವಾ ಕಥೆಗಾರ ಬರೆದುಕೊಟ್ಟ ನಾಲ್ಕು ಮಾತುಗಳಿಂದಲೋ? ಮುಸಲ್ಮಾನ ಓದುಗರಿಗೆ ಇದು ಬರಿಯ ಕಲೆಯ ಪ್ರಶ್ನೆಯಲ್ಲ. ತೆರೆಯ ಮೇಲೆ ನಮ್ಮ ಮನೆಯವರನ್ನು ಹೋಲುವ ಪಾತ್ರವೊಂದು ಬಂದಾಗ ನಾವು ಉಳಿದ ಪ್ರೇಕ್ಷಕರಂತೆ ನಿರಾಳವಾಗಿ ಕುಳಿತು ನೋಡಲಾರೆವು. ಆತ ಹೇಗೆ ಸಲಾಂ ಹೇಳುತ್ತಾನೆ, ಆಕೆ ಹೇಗೆ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ ಎಂದು ಪರೀಕ್ಷಕರಂತೆ ನೋಡುತ್ತೇವೆ. ಏಕೆಂದರೆ ಆ ಪಾತ್ರವನ್ನು ನೋಡಿ ಹೊರಬಂದವರು ನಾಳೆ ನಮ್ಮನ್ನು ಅದೇ ಕಣ್ಣಿನಿಂದ ನೋಡುತ್ತಾರೆಂಬುದು ನಮಗೆ ಗೊತ್ತು.

ಉರ್ದು ಮತ್ತು ಕನ್ನಡ ಎರಡನ್ನೂ ಶಾಲೆಯಲ್ಲಿ ಕಲಿತವರಿಗೆ ಇಲ್ಲೊಂದು ಅನುಕೂಲವಿದೆ. ಉರ್ದುವಿನಲ್ಲಿ ನಟನನ್ನು ‘ಅದಾಕಾರ್’ ಎನ್ನುತ್ತೇವೆ, ಪಾತ್ರವನ್ನು ‘ಕಿರ್ದಾರ್’ ಎನ್ನುತ್ತೇವೆ. ಪಾತ್ರ ವಹಿಸುವುದು ‘ಕಿರ್ದಾರ್ ಅದಾ ಕರ್ನಾ’. ಹಾವಭಾವ ಎಂಬ ಅರ್ಥದ ‘ಅದಾ’ ಫಾರಸಿಯದು, ಸಲ್ಲಿಸುವುದು ಎಂಬ ಅರ್ಥದ ‘ಅದಾ’ ಅರಬ್ಬಿಯದು ಎಂದು ಬಲ್ಲವರು ಬೇರ್ಪಡಿಸುತ್ತಾರೆ. ಆಡುವವರ ಬಾಯಲ್ಲಿ ಮಾತ್ರ ಎರಡೂ ಒಂದೇ. ನಾವು ಸಾಲವನ್ನು ಅದಾ ಮಾಡುತ್ತೇವೆ, ನಮಾಜನ್ನೂ ಅದಾ ಮಾಡುತ್ತೇವೆ. ಅಂದರೆ ಪಾತ್ರವೂ ಸಲ್ಲಿಸಬೇಕಾದ ಒಂದು ಬಾಕಿ. ‘ಕಿರ್ದಾರ್’ ಎಂದರೆ ನಾಟಕದ ಪಾತ್ರವಷ್ಟೇ ಅಲ್ಲ, ಮನುಷ್ಯನ ನಡತೆ ಕೂಡ. ಕನ್ನಡದ ‘ಪಾತ್ರ’ವೋ ಇನ್ನೊಂದು ದಾರಿಯಲ್ಲಿ ಹೋಗುತ್ತದೆ. ಅದು ಪಾತ್ರೆಗೆ ಹತ್ತಿರದ ಮಾತು, ನದಿ ಹರಿಯುವ ತಾವೂ ಪಾತ್ರವೇ. ತನ್ನನ್ನು ಖಾಲಿ ಮಾಡಿಕೊಂಡು ಇನ್ನೊಬ್ಬರಿಗೆ ಜಾಗ ಕೊಡುವುದು ಅಲ್ಲಿಯ ಸೂಚನೆ. ಒಂದು ಭಾಷೆ ನಟನಿಗೆ ಖಾಲಿಯಾಗು ಎನ್ನುತ್ತದೆ, ಇನ್ನೊಂದು ನೀನು ಋಣದಲ್ಲಿದ್ದೀ ಎನ್ನುತ್ತದೆ. ಒಳ್ಳೆಯ ನಟನೆಗೆ ಇವೆರಡೂ ಬೇಕು ಎಂಬುದು ನಮ್ಮ ಅಭಿಪ್ರಾಯ.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಮೈಯ ಚಲನೆಯಿಂದ ಆಂಗಿಕ, ಮಾತಿನಿಂದ ವಾಚಿಕ, ಉಡುಗೆ ತೊಡುಗೆ ಬಣ್ಣದಿಂದ ಆಹಾರ್ಯ, ಮನಸ್ಸಿನ ಒಳಗಿನಿಂದ ಹುಟ್ಟುವ ಸಾತ್ವಿಕ. ನಮ್ಮ ಸಿನಿಮಾಗಳ ಮುಸ್ಲಿಂ ಪಾತ್ರಗಳನ್ನು ಈ ನಾಲ್ಕರ ತಕ್ಕಡಿಯಲ್ಲಿಟ್ಟು ನೋಡಿದರೆ ಹೆಚ್ಚಿನವು ಆಹಾರ್ಯದಲ್ಲೇ ಮುಗಿದು ಹೋಗುತ್ತವೆ. ಒಂದು ಟೋಪಿ, ಕಣ್ಣಿಗೆ ಸುರ್ಮಾ, ಕೊರಳಿಗೆ ತಾಯತ, ಹೆಗಲಿಗೆ ಚೌಕುಳಿ ವಸ್ತ್ರ ಹಾಕಿದರೆ ಸಾಬರು ಸಿದ್ಧ. ವಾಚಿಕಕ್ಕೆ ಬಂದರೆ ‘ನಮ್ದುಕೆ’, ‘ನಿಮ್ದುಕೆ’ ಎಂಬ ಮುರುಕು ಕನ್ನಡ. ದಖ್ಖನಿ ಆಡುವ ಕೆಲವರ ಕನ್ನಡದಲ್ಲಿ ಲಿಂಗ ವಚನಗಳು ಜಾರುವುದು ಸುಳ್ಳಲ್ಲ. ಆದರೆ ವಿಜಾಪುರದ ಕಡೆಯ ಮುಸಲ್ಮಾನ ಮುದುಕಿ ಆಡುವ ಜವಾರಿ ಕನ್ನಡ, ಕರಾವಳಿಯ ಬ್ಯಾರಿಗಳ ಕನ್ನಡ, ಭಟ್ಕಳದ ನವಾಯತರ ಕನ್ನಡ ಒಂದೊಂದೂ ಬೇರೆ ಬೇರೆ. ನಮ್ಮ ಚಿತ್ರರಂಗಕ್ಕೆ ಇವೆಲ್ಲ ಒಂದೇ ಅಚ್ಚಿನ ಬೆಲ್ಲ. ಆ ಅಚ್ಚಿನಿಂದ ಎರಡೇ ಬಗೆಯ ಪಾತ್ರಗಳು ಬರುತ್ತವೆ. ಒಂದು ಕಳ್ಳಸಾಗಣೆಯವನು, ಇನ್ನೊಂದು ನಾಯಕನಿಗಾಗಿ ಗುಂಡಿಗೆ ಎದೆಯೊಡ್ಡಿ ಅವನ ತೋಳಿನಲ್ಲೇ ಪ್ರಾಣ ಬಿಡುವ ಒಳ್ಳೆಯ ಚಾಚಾ. ಇಬ್ಬರಿಗೂ ಮನೆಯಿಲ್ಲ, ಅಂಗಡಿಯ ಲೆಕ್ಕವಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ. ಇಂಥ ಪಾತ್ರ ಸಿಕ್ಕ ನಟ ಎಷ್ಟೇ ಪ್ರತಿಭಾವಂತನಾದರೂ ಏನನ್ನು ಹಿಡಿದುಕೊಂಡು ಒಳಗೆ ಹೋಗಬೇಕು?

ಹಾಗಾದರೆ ನಟ ಒಳಗೆ ಹೋಗುವ ದಾರಿ ಯಾವುದು? ಈ ವಿಷಯದಲ್ಲಿ ಬಲರಾಜ್ ಸಾಹನಿಯವರಷ್ಟು ಪ್ರಾಮಾಣಿಕವಾಗಿ ಬರೆದ ಭಾರತೀಯ ನಟರು ವಿರಳ. 1953ರಲ್ಲಿ ಬಿಮಲ್ ರಾಯ್ ಅವರ ‘ದೋ ಬೀಘಾ ಜಮೀನ್’ನಲ್ಲಿ ಶಂಭು ಎಂಬ ರೈತನ ಪಾತ್ರ ಅವರದು. ಅಡವಿಟ್ಟ ಎರಡು ಬೀಘಾ ನೆಲವನ್ನು ಬಿಡಿಸಿಕೊಳ್ಳಲು ಕಲ್ಕತ್ತೆಗೆ ಹೋಗಿ ಕೈಗಾಡಿ ರಿಕ್ಷಾ ಎಳೆಯುವವನ ಕಥೆ. ಸಾಹನಿಯವರೋ ಲಾಹೋರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದವರು, ಲಂಡನ್ನಿನ ಬಿಬಿಸಿಯಲ್ಲಿ ಕೆಲಸ ಮಾಡಿ ಬಂದವರು. ಈ ಬಿಳಿ ಕಾಲರಿನವನು ರಿಕ್ಷಾದವನಾಗಬಲ್ಲನೇ ಎಂಬ ಅನುಮಾನ ಸುತ್ತಲಿನವರಿಗಿತ್ತು, ಸ್ವತಃ ಅವರಿಗೂ ಇತ್ತು. ಮುಂಬಯಿಯ ಜೋಗೇಶ್ವರಿಯ ಎಮ್ಮೆ ಕೊಟ್ಟಿಗೆಗಳಲ್ಲಿ ಉತ್ತರ ಭಾರತದ ಹಾಲಿನ ಭಯ್ಯಾಗಳ ಜೊತೆ ಕುಳಿತು ಅವರ ನಡೆ, ನುಡಿ, ಉಡುಗೆಗಳನ್ನು ಗಮನಿಸಿದರು. ಕಲ್ಕತ್ತೆಯ ಬೀದಿಯಲ್ಲಿ ರಿಕ್ಷಾ ಎಳೆಯುವುದನ್ನು ಅಭ್ಯಾಸ ಮಾಡಿದರು. ಆದರೂ ಚಿತ್ರೀಕರಣದ ನಡುವೆ ಅವರ ಧೈರ್ಯ ಕುಸಿಯಿತು. ಆಗ ನಡುವಯಸ್ಸಿನ ಒಬ್ಬ ನಿಜವಾದ ರಿಕ್ಷಾದವನು ಹತ್ತಿರ ಬಂದು ಇಲ್ಲಿ ಏನು ನಡೆಯುತ್ತಿದೆ ಎಂದು ಕೇಳಿದ. ಸಾಹನಿ ಕಥೆ ಹೇಳಿದರು. ಕೇಳುತ್ತ ಕೇಳುತ್ತ ಅವನ ಕಣ್ಣು ತುಂಬಿತು. ಅದು ಅವನದೇ ಕಥೆಯಾಗಿತ್ತು. ಬಿಹಾರದಲ್ಲಿ ಅವನ ನೆಲವೂ ಜಮೀನ್ದಾರನ ಬಳಿ ಅಡವಿತ್ತು. ಅದನ್ನು ಬಿಡಿಸುವ ಆಸೆಯಲ್ಲಿ ಅವನು ವರ್ಷಗಟ್ಟಲೆ ರಿಕ್ಷಾ ಎಳೆದಿದ್ದ.

ಆ ಕ್ಷಣದಿಂದ ತಾನು ನಟನೆಯ ಸಿದ್ಧಾಂತಗಳ ಚಿಂತೆ ಬಿಟ್ಟು ಆ ಮನುಷ್ಯನ ಆತ್ಮವನ್ನೇ ಪಾತ್ರದೊಳಗೆ ತಂದುಕೊಂಡೆ ಎಂಬ ಅರ್ಥದ ಮಾತನ್ನು ಸಾಹನಿ ತಮ್ಮ ಆತ್ಮಕಥನದಲ್ಲಿ ಬರೆದಿದ್ದಾರೆ. ಇಲ್ಲಿ ಎರಡು ಘಟ್ಟಗಳಿವೆ. ಮೊದಲಿನದು ಕಸುಬು ಕಲಿಯುವುದು. ಬರಿಗಾಲಲ್ಲಿ ಕಾದ ಡಾಂಬರಿನ ಮೇಲೆ ಓಡಿದರೆ ಮಾತ್ರ ಕಾಲಿಗೆ ಆ ನಡಿಗೆ ಬರುತ್ತದೆ. ಎರಡನೆಯದು ಒಬ್ಬ ನಿರ್ದಿಷ್ಟ ಮನುಷ್ಯನಿಗೆ ಋಣಿಯಾಗುವುದು. ಬಡವರ ಬಗೆಗಿನ ಸಾಮಾನ್ಯ ಅನುಕಂಪ ಸಾಹನಿಯವರಲ್ಲಿ ಮೊದಲೇ ಇತ್ತು. ಅವರು ಇಪ್ಟಾದ ಕಾರ್ಯಕರ್ತರು, ಎಡಪಂಥೀಯರು. ಆ ಅನುಕಂಪ ಅವರನ್ನು ಶಂಭುವಿನ ಬಾಗಿಲ ತನಕ ಕರೆದೊಯ್ದಿತು, ಒಳಗೆ ಕರೆದೊಯ್ಯಲಿಲ್ಲ. ಒಳಗೆ ಕರೆದೊಯ್ದವನು ಒಬ್ಬ ಹೆಸರಿಲ್ಲದ ರಿಕ್ಷಾದವನು.

ಇಪ್ಪತ್ತು ವರ್ಷಗಳ ನಂತರ ಅದೇ ಸಾಹನಿ ‘ಗರಂ ಹವಾ’ದ ಸಲೀಂ ಮಿರ್ಜಾ ಆದರು. ಮೈಸೂರಿನವರಾದ ಎಂ.ಎಸ್. ಸತ್ಯು ನಿರ್ದೇಶಿಸಿದ ಈ ಚಿತ್ರ ಇಸ್ಮತ್ ಚುಗತಾಯಿಯವರ ಕಥೆಯೊಂದನ್ನು ಆಧರಿಸಿದ್ದು. ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಜೈದಿಯವರದು. ದೇಶ ವಿಭಜನೆಯ ನಂತರದ ಆಗ್ರಾದಲ್ಲಿ ಬೂಟು ತಯಾರಿಸುವ ಸಲೀಂ ಮಿರ್ಜಾ ಒಬ್ಬೊಬ್ಬರಾಗಿ ಬಂಧುಗಳನ್ನು ಪಾಕಿಸ್ತಾನದ ರೈಲು ಹತ್ತಿಸಿ ಬರುತ್ತಾನೆ, ತಾನು ಮಾತ್ರ ಹೋಗುವುದಿಲ್ಲ. ಅಣ್ಣನ ಹೆಸರಲ್ಲಿದ್ದ ಹವೇಲಿ ಕೈಬಿಡುತ್ತದೆ, ಬ್ಯಾಂಕು ಸಾಲ ಕೊಡುವುದಿಲ್ಲ, ಬಾಡಿಗೆ ಮನೆ ಸಿಗುವುದಿಲ್ಲ, ಗೂಢಚಾರನೆಂಬ ಆರೋಪ ಬರುತ್ತದೆ, ಮದುವೆಯ ಆಸೆ ಎರಡು ಸಲ ಮುರಿದ ಮಗಳು ಆಮಿನಾ ಪ್ರಾಣ ಕಳೆದುಕೊಳ್ಳುತ್ತಾಳೆ. ಸೆನ್ಸಾರ್ ಮಂಡಳಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದಿದ್ದ ಈ ಚಿತ್ರ 1974ರಲ್ಲಿ ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಾದ ನಾವು ನೆನಪಿಡಬೇಕಾದ ಸಂಗತಿ. ಸಾಹನಿಯವರಿಗೆ ಅದನ್ನು ನೋಡುವ ಅವಕಾಶ ಸಿಗಲಿಲ್ಲ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು ಅವರು ತೀರಿಕೊಂಡರು.

ಈ ಚಿತ್ರದ ಇಬ್ಬರು ನಟರನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಒಂದಿಷ್ಟು ಉತ್ತರ ಸಿಗುತ್ತದೆ. ಹವೇಲಿಗೆ ಹೊಸ ವಾರಸುದಾರನಾಗಿ ಬರುವ ಸಿಂಧಿ ನಿರಾಶ್ರಿತ ಅಜಮಾನಿಯ ಪಾತ್ರ ಎ.ಕೆ. ಹಾನಗಲ್ ಅವರದು. ಹಾನಗಲ್ ನಿಜಜೀವನದಲ್ಲೂ ಕರಾಚಿಯಲ್ಲಿ ಬದುಕು ಕಟ್ಟಿ, ಅಲ್ಲಿ ಸೆರೆವಾಸ ಕಂಡು, 1949ರಲ್ಲಿ ಬೊಂಬಾಯಿಗೆ ಬಂದವರು. ಅವರ ಪಾಲಿಗೆ ಪಾತ್ರವೂ ಬದುಕೂ ಒಂದೇ ದಿಕ್ಕಿನ ರೈಲು. ಸಾಹನಿ ಹುಟ್ಟಿದ್ದು ರಾವಲ್ಪಿಂಡಿಯಲ್ಲಿ. ಅವರ ಮನೆತನವೂ ಆ ಕಡೆಯಿಂದ ಈ ಕಡೆಗೆ ಬಂದದ್ದೇ. ಸಲೀಂ ಮಿರ್ಜಾನ ಕಷ್ಟವೋ ಇದರ ತಿರುವು ಮುರುವು. ಅವನನ್ನು ಈ ಕಡೆಯಿಂದ ಆ ಕಡೆಗೆ ತಳ್ಳಲಾಗುತ್ತಿದೆ. ಹೀಗಿರುವಾಗ ಸಾಹನಿ ತಮ್ಮ ನೋವನ್ನೇ ನೇರವಾಗಿ ಪಾತ್ರಕ್ಕೆ ಸುರಿಯುವಂತಿರಲಿಲ್ಲ. ಅದನ್ನು ಮಗುಚಿ ನೋಡಬೇಕಾಗಿತ್ತು. ತಮ್ಮ ಊರು ಕಳೆದುಕೊಂಡವರು ಎದುರು ಪಕ್ಷದವನ ಅಂಗಳದಲ್ಲಿ ನಿಂತು, ಅವನ ಊರೂ ಅವನಿಗೆ ಅಷ್ಟೇ ಎಂದು ಅರಿಯಬೇಕಾಗಿತ್ತು. ನಟನೆಯ ನೈತಿಕತೆ ಎಂಬುದೊಂದಿದ್ದರೆ ಅದು ಇಲ್ಲಿದೆ. ಅಜಮಾನಿಯಾಗಿ ಹಾನಗಲ್ ತಾವು ಬಲ್ಲದ್ದನ್ನು ಸಹಜವಾಗಿ ಕೊಟ್ಟರು. ಸಲೀಂ ಆಗಿ ಸಾಹನಿ ತಾವು ಬಲ್ಲದ್ದನ್ನು ಬೇರೊಬ್ಬನ ಲೆಕ್ಕಕ್ಕೆ ಜಮಾ ಮಾಡಿದರು. ಎರಡೂ ದಾರಿಗಳು ಪಾತ್ರವನ್ನು ಮುಟ್ಟುತ್ತವೆ. ಎರಡನೆಯದು ದೂರದ ದಾರಿ.

ಸಲೀಂ ಮಿರ್ಜಾನ ಶೇರ್ವಾನಿ, ಟೋಪಿ, ಗಡ್ಡ ಎಲ್ಲವೂ ಇವೆ. ಆದರೆ ಕೆಲವೇ ನಿಮಿಷಗಳಲ್ಲಿ ನಾವು ಅವನ್ನು ಮರೆಯುತ್ತೇವೆ. ನಮ್ಮ ಕಣ್ಣಿಗೆ ಉಳಿಯುವುದು ರೈಲು ನಿಲ್ದಾಣದಲ್ಲಿ ಕೈಬೀಸಿ ಟಾಂಗಾದತ್ತ ತಿರುಗುವ ಆ ಬೆನ್ನು. ಪ್ರತಿ ಬೀಳ್ಕೊಡುಗೆಯಲ್ಲೂ ಆ ಬೆನ್ನು ಒಂದಿಷ್ಟು ಬಾಗುತ್ತದೆ, ಆದರೂ ಮುರಿಯುವುದಿಲ್ಲ. ಅವಮಾನವಾದಾಗ ಸಲೀಂ ಸಿಟ್ಟಾಗುವುದಿಲ್ಲ, ಮೆಲ್ಲಗೆ ಒಂದು ತಮಾಷೆಯ ಮಾತಾಡುತ್ತಾನೆ. ಅಲ್ಲಾಹನ ಮೇಲೆ ಭಾರ ಹಾಕುವ ಅವನ ಮಾತುಗಳು ಅಂಗಡಿಯಲ್ಲಿ ಗಿರಾಕಿಯೊಡನೆ ಆಡುವ ಮಾತಿನಷ್ಟೇ ಮಾಮೂಲು. ಅದನ್ನು ಭಕ್ತಿಯ ಪ್ರದರ್ಶನವಾಗಿಸಲು ಸಾಹನಿ ಒಪ್ಪಿಲ್ಲ. ನಮ್ಮ ಹಿರಿಯರಲ್ಲಿ ಇಂಥವರನ್ನು ನಾವೆಲ್ಲ ಕಂಡಿದ್ದೇವೆ. ಈಮಾನು ಅವರ ಉಸಿರಿನಲ್ಲಿರುತ್ತದೆ, ಅದಕ್ಕೆ ಹಿನ್ನೆಲೆ ಸಂಗೀತ ಬೇಕಾಗಿರುವುದಿಲ್ಲ.

ಆಮಿನಾಳ ಸಾವಿನ ದೃಶ್ಯದ ಬಗ್ಗೆ ಬಹಳಷ್ಟು ಬರೆಯಲಾಗಿದೆ. 1972ರಲ್ಲಿ ಸಾಹನಿ ತಮ್ಮ ಮಗಳು ಶಬನಮ್‌ರನ್ನು ಕಳೆದುಕೊಂಡಿದ್ದರು. ಅದಾದ ಮೇಲೆ ತೆರೆಯ ಮೇಲಿನ ಮಗಳ ಶವದ ಮುಂದೆ ಅವರು ನಿಲ್ಲಬೇಕಾಯಿತು. ಸಾಹನಿ ಚೀರುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಅವರ ಮೌನ ನೋಡುವವರನ್ನು ನಡುಗಿಸುತ್ತದೆ. ರಷ್ಯಾದ ಸ್ಟಾನಿಸ್ಲಾವ್‌ಸ್ಕಿ ಹೇಳಿದ ಭಾವಸ್ಮೃತಿಗೆ, ಅಂದರೆ ನಟ ತನ್ನ ಹಳೆಯ ನೋವನ್ನು ನೆನೆದು ಪಾತ್ರದ ನೋವನ್ನು ಹುಟ್ಟಿಸಿಕೊಳ್ಳುವ ವಿಧಾನಕ್ಕೆ, ಇದಕ್ಕಿಂತ ದೊಡ್ಡ ಉದಾಹರಣೆ ಬೇಕೇ ಎಂದು ಹಲವರು ಕೇಳಬಹುದು. ನಮಗೆ ಆ ವಿವರಣೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಮಗಳನ್ನು ಕಳೆದುಕೊಂಡ ತಂದೆಯರೆಲ್ಲ ಸಲೀಂ ಮಿರ್ಜಾ ಆಗಲಾರರು. ಆ ಮೌನ ಸಲೀಂನದು. ಮನೆ ಹೋದಾಗ, ಅಣ್ಣ ಹೋದಾಗ, ಮಗ ಬಾಕರ್ ಹೋದಾಗ ಹೇಗೆ ಮಾತು ನುಂಗಿದ್ದನೋ ಹಾಗೆಯೇ ಇಲ್ಲೂ ನುಂಗುತ್ತಾನೆ. ನಟನ ಸ್ವಂತ ಶೋಕ ಇದ್ದಿರಲೇಬೇಕು. ಆದರೆ ಅದು ಪಾತ್ರದ ಅಳತೆಗೆ ತಕ್ಕಂತೆ ಕತ್ತರಿಸಲ್ಪಟ್ಟಿದೆ. ದುಃಖವನ್ನು ಸಾಹನಿ ತಮ್ಮ ಮನೆಯಿಂದ ತಂದಿರಬಹುದು, ಅದನ್ನು ಸಹಿಸುವ ರೀತಿಯನ್ನು ಸಲೀಂನಿಂದಲೇ ಪಡೆದರು.

ಅದೇ ಚಿತ್ರದ ಅಜ್ಜಿಯ ಪಾತ್ರ ಇನ್ನೊಂದು ಪಾಠ. ಹವೇಲಿ ಬಿಟ್ಟು ಬರಲೊಲ್ಲದೆ ಮೂಲೆಯಲ್ಲಿ ಅಡಗಿ ಕೂರುವ, ಕೊನೆಗೆ ಅಲ್ಲೇ ಪ್ರಾಣ ಬಿಡಲು ಹಂಬಲಿಸಿ ಡೋಲಿಯಲ್ಲಿ ಮರಳುವ ಮುದುಕಿ. ಆ ಪಾತ್ರಕ್ಕೆ ಸತ್ಯು ಆರಿಸಿದ್ದು ಆಗ್ರಾದಲ್ಲೇ ಸಿಕ್ಕ ಬದರ್ ಬೇಗಂ ಎಂಬ ವೃದ್ಧೆಯನ್ನು. ಧ್ವನಿ ಮಾತ್ರ ಪಳಗಿದ ನಟಿ ದೀನಾ ಪಾಠಕ್ ಅವರದು. ಒಬ್ಬಳ ದೇಹ, ಇನ್ನೊಬ್ಬಳ ಕಂಠ ಸೇರಿ ಒಂದು ಪಾತ್ರವಾಯಿತು. ಬದರ್ ಬೇಗಂ ಅವರಿಗೆ ಆಗ್ರಾದ ಮುದುಕಿಯಾಗುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಮಾತಿನ ಏರಿಳಿತಕ್ಕೆ ಕಸುಬುದಾರಿಕೆ ಬೇಕಿತ್ತು. ಬದುಕಿದ ಅನುಭವ ಮತ್ತು ಕಲಿತ ವಿದ್ಯೆ ಒಂದನ್ನೊಂದು ತುಂಬಿಕೊಡುತ್ತವೆಯೇ ಹೊರತು ಒಂದು ಇನ್ನೊಂದರ ಶತ್ರುವಲ್ಲ.

ಪಾತ್ರದೊಳಗೆ ಹೊಕ್ಕವರಿಗೆ ಹೊರಬರುವ ದಾರಿಯೂ ಗೊತ್ತಿರಬೇಕು. ಪೇಶಾವರದಲ್ಲಿ ಹುಟ್ಟಿದ ಯೂಸುಫ್ ಖಾನ್, ಅಂದರೆ ದಿಲೀಪ್ ಕುಮಾರ್, ಸಾಲು ಸಾಲಾಗಿ ದುರಂತ ಪಾತ್ರಗಳನ್ನು ಮಾಡಿ ಮನಸ್ಸು ಕೆಡಿಸಿಕೊಂಡು ಮನೋವೈದ್ಯರ ಸಲಹೆಯಂತೆ ‘ಆಜಾದ್’ನಂಥ ಲಘು ಚಿತ್ರಗಳತ್ತ ತಿರುಗಿದ್ದು ಅವರೇ ಹೇಳಿಕೊಂಡ ಸಂಗತಿ. ನಟ ತಾನು ಏನನ್ನೂ ಅನುಭವಿಸದೆ ತಣ್ಣಗಿದ್ದರೇ ನೋಡುವವರನ್ನು ಚೆನ್ನಾಗಿ ಕಲಕಬಲ್ಲ ಎಂದು ವಾದಿಸಿದ ಫ್ರೆಂಚ್ ಲೇಖಕ ದಿದೆರೋನ ಮಾತಿನಲ್ಲಿ ಅತಿರೇಕವಿದೆ, ಆದರೂ ಒಂದು ಎಚ್ಚರಿಕೆಯಿದೆ. ಅದೇ ದಿಲೀಪ್ ಕುಮಾರ್ ‘ಕೋಹಿನೂರ್’ (1960) ಚಿತ್ರದ ಒಂದು ಹಾಡಿಗಾಗಿ ಉಸ್ತಾದ್ ಅಬ್ದುಲ್ ಹಲೀಂ ಜಾಫರ್ ಖಾನ್ ಅವರಲ್ಲಿ ಸಿತಾರ್ ಕಲಿತರು. ‘ಗಂಗಾ ಜಮುನಾ’ದಲ್ಲಿ (1961) ಪೂರ್ವ ಸೀಮೆಯ ಹಳ್ಳಿಯ ಹಿಂದಿಯನ್ನು ನಾಲಿಗೆಗೆ ಒಗ್ಗಿಸಿಕೊಂಡು ಗಂಗಾ ಎಂಬ ಹಿಂದೂ ರೈತ ಯುವಕನಾದರು. ಆ ಗಂಗಾನನ್ನು ನೋಡಿ ಅತ್ತವರು ಅವನೊಳಗೆ ಯೂಸುಫ್ ಖಾನನನ್ನು ಹುಡುಕಲಿಲ್ಲ.

ಇನ್ನು ಕನ್ನಡಕ್ಕೆ ಬರೋಣ. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಬಂದಾಗ ನೃತ್ಯಪಟು ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾದರು. ನಾಡು ಅದನ್ನು ಪ್ರೀತಿಯಿಂದ ಸ್ವೀಕರಿಸಿತು. ಆದರೆ ಸಂತರನ್ನು ಒಪ್ಪಿಕೊಳ್ಳುವುದು ಸುಲಭ. ಶರೀಫರು ಆಗಲೇ ಎಲ್ಲರ ಬಾಯಲ್ಲಿ ಹಾಡಾಗಿದ್ದವರು. ಕಷ್ಟವಿರುವುದು ಸಂತರಲ್ಲದ ಸಾಮಾನ್ಯ ಮುಸಲ್ಮಾನರನ್ನು, ಆಟೋ ಓಡಿಸುವವನ ಹೆಂಡತಿಯನ್ನು, ಹೆರಿಗೆ ಮಾಡಿಸುವ ಸೂಲಗಿತ್ತಿಯನ್ನು, ಮೀನು ಮಾರುವವನನ್ನು ಅವರವರ ದೋಷಗಳ ಸಮೇತ ತೆರೆಗೆ ತರುವುದರಲ್ಲಿ. ಈ ಕೆಲಸಕ್ಕೆ ಗಿರೀಶ ಕಾಸರವಳ್ಳಿ ಎರಡು ಸಲ ಕೈಹಾಕಿದರು. ಎರಡು ಸಲವೂ ಮುಖ್ಯ ಪಾತ್ರ ವಹಿಸಿದ ಕಲಾವಿದೆಗೆ ರಾಷ್ಟ್ರ ಪ್ರಶಸ್ತಿ ಬಂತು. 2004ರ ಸಾಲಿಗೆ ‘ಹಸೀನಾ’ದ ತಾರಾ, 2007ರ ಸಾಲಿಗೆ ‘ಗುಲಾಬಿ ಟಾಕೀಸ್’ನ ಉಮಾಶ್ರೀ. ಇಬ್ಬರೂ ಮುಸ್ಲಿಮರಲ್ಲ.

‘ಹಸೀನಾ’ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಿಂದ ಹುಟ್ಟಿದ್ದು. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಮೇಲೆ ಈ ಕಥೆಯನ್ನು ಹೊರಗಿನವರೂ ಓದಿದ್ದಾರೆ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಹೆಣ್ಣೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಕೂರುವುದೇ ಈ ಪಾತ್ರದ ದೊಡ್ಡ ಕ್ರಿಯೆ. ನಟಿಗೆ ಇದಕ್ಕಿಂತ ಕಠಿಣ ಪರೀಕ್ಷೆಯಿಲ್ಲ, ಏಕೆಂದರೆ ಓಡಾಟವಿಲ್ಲ, ಉದ್ದನೆಯ ಸಂಭಾಷಣೆಯಿಲ್ಲ. ತಾರಾ ಅವರ ಹಸೀನಾ ಮೊದಲು ಭಿಕ್ಷೆ ಬೇಡುವವಳಂತೆ ಕೂರುತ್ತಾಳೆ, ಬರಬರುತ್ತ ತನ್ನ ಪಾಲು ಕೇಳುವವಳಂತೆ ಕೂರುತ್ತಾಳೆ. ಈ ಬದಲಾವಣೆಯನ್ನು ಅವರು ಮಾತಿನಿಂದ ಹೇಳದೆ ಕತ್ತು ಮತ್ತು ಹೆಗಲಿನಿಂದ ಹೇಳುತ್ತಾರೆ. ಇದು ನಿಜವಾದ ಆಂಗಿಕ.

ಇಂಥ ಕಥೆಗಳಿಂದ ನಮ್ಮ ಮನೆಯ ಕೊಳೆ ಬೀದಿಗೆ ಬರುತ್ತದೆ ಎಂದು ಬೇಸರಪಡುವವರು ನಮ್ಮಲ್ಲಿದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ, ಸುತ್ತಲಿನ ಕಾಲ ಹಾಗಿದೆ. ಆದರೆ ಹಸೀನಾಳನ್ನು ನೋಡಿದ ಪ್ರೇಕ್ಷಕ ಮುಸಲ್ಮಾನರನ್ನು ದ್ವೇಷಿಸುತ್ತ ಹೊರಬರುವುದಿಲ್ಲ, ಒಬ್ಬ ಮುಸ್ಲಿಂ ಹೆಣ್ಣಿನ ಹಕ್ಕಿನ ಬಗ್ಗೆ ಯೋಚಿಸುತ್ತ ಬರುತ್ತಾನೆ. ಅದು ತಾರಾ ಅವರ ಅಭಿನಯದ ಘನತೆ. ನಮ್ಮ ದೂರು ಬೇರೆ. ಚಿತ್ರದ ಗಂಡಸರ ಪಾತ್ರಗಳಿಗೆ ಈ ಭಾಗ್ಯ ಸಿಕ್ಕಿಲ್ಲ. ಹಸೀನಾಳ ಒಳಗನ್ನು ಹೊಕ್ಕಷ್ಟು ಆಳಕ್ಕೆ ಚಿತ್ರ ಅವಳ ಗಂಡ ಯಾಕೂಬನ ಒಳಗನ್ನು ಹೊಕ್ಕುವುದಿಲ್ಲ. ಅವನ ಅನ್ಯಾಯ ಕಾಣುತ್ತದೆ, ಅವನ ಅಂಜಿಕೆ ಅಷ್ಟಾಗಿ ಕಾಣುವುದಿಲ್ಲ. ತಪ್ಪಿತಸ್ಥನ ಪಾತ್ರಕ್ಕೂ ನಟ ಋಣಿಯೇ ಅಲ್ಲವೇ?

‘ಗುಲಾಬಿ ಟಾಕೀಸ್’ ಇನ್ನೂ ಮುಂದಿನ ಹೆಜ್ಜೆ. ವೈದೇಹಿಯವರ ಸಣ್ಣಕಥೆಯ ಎಳೆ ಹಿಡಿದು ಕಾಸರವಳ್ಳಿ ಅದನ್ನು ಕಾರ್ಗಿಲ್ ಯುದ್ಧದ ಕಾಲಕ್ಕೆ, ಕುಂದಾಪುರ ಕಡೆಯ ಮೀನುಗಾರರ ನಡುವೆ ತಂದರು. ಗಂಡ ಮೂಸಾ ಬಿಟ್ಟುಹೋದ ಗುಲಾಬಿ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ್ದಕ್ಕೆ ಕೃತಜ್ಞತೆಯಾಗಿ ಟಿ.ವಿ. ಸಿಗುತ್ತದೆ, ಅವಳ ಪುಟ್ಟ ಮನೆ ನೆರೆಹೊರೆಯ ಹೆಂಗಸರ ಟಾಕೀಸಾಗುತ್ತದೆ. ಮುಂದೆ ಊರಿನ ಗಾಳಿ ಕೆಡುತ್ತದೆ. ಅವಳ ಗೆಳತಿಯಂತಿದ್ದ ನೇತ್ರು ಕಾಣೆಯಾದಾಗ ಅನುಮಾನ ಗುಲಾಬಿಯ ಮೇಲೆ ಬರುತ್ತದೆ, ಕೊನೆಗೆ ಅವಳು ಊರನ್ನೇ ಬಿಡಬೇಕಾಗುತ್ತದೆ. ಆಗ್ರಾದ ಬಿಸಿಗಾಳಿ ಅರ್ಧ ಶತಮಾನದ ನಂತರ ಕರಾವಳಿಯ ನೀರಿನ ಮೇಲೂ ಬೀಸಿತು.

ಉಮಾಶ್ರೀ ತುಮಕೂರು ಜಿಲ್ಲೆಯ ಬಯಲುಸೀಮೆಯವರು. ದೇವನೂರ ಮಹಾದೇವರ ‘ಒಡಲಾಳ’ದ ರಂಗರೂಪದಲ್ಲಿ ಸಾಕವ್ವನಾಗಿ ಹೆಸರು ಪಡೆದವರು, ನೂರಾರು ಸಿನಿಮಾಗಳಲ್ಲಿ ಹಾಸ್ಯ ಪಾತ್ರ ಮಾಡಿದವರು. ಗುಲಾಬಿಯಾಗಲು ಅವರು ಮೊದಲು ದಾಟಬೇಕಾಗಿದ್ದ ಹೊಳೆ ಧರ್ಮದ್ದಲ್ಲ, ಭಾಷೆಯದು. ಗುಲಾಬಿ ಆಡುವುದು ‘ನಮ್ದುಕೆ’ ಕನ್ನಡವಲ್ಲ, ಪಕ್ಕದ ಮನೆಯ ಮೊಗವೀರ ಹೆಂಗಸು ಆಡುವ ಅದೇ ಕುಂದಾಪ್ರ ಕನ್ನಡ. ಈ ಒಂದು ನಿರ್ಧಾರದಿಂದಲೇ ಎಷ್ಟೋ ವರ್ಷಗಳ ವಾಚಿಕದ ಸುಳ್ಳು ಕಳಚಿ ಬಿತ್ತು. ಮಾತಿನಲ್ಲಿ ಬೇರೆಯಾಗಿ ಕಾಣದ ಹೆಣ್ಣನ್ನು ಊರು ಯಾವ ಆಧಾರದ ಮೇಲೆ ಬೇರೆ ಮಾಡಿತು ಎಂಬ ಪ್ರಶ್ನೆ ಪ್ರೇಕ್ಷಕನ ಮುಂದೆ ತಾನಾಗಿ ಬಂದು ನಿಲ್ಲುತ್ತದೆ. ತೆರೆ ನೋಡುತ್ತ ಕುಳಿತ ಗುಲಾಬಿಯ ಮುಖವನ್ನು ಗಮನಿಸಬೇಕು. ಬಾಯಿ ಅರೆ ತೆರೆದು, ಕಣ್ಣಲ್ಲಿ ಮಗುವಿನ ಬೆರಗು. ಸ್ವಲ್ಪ ಸ್ವಾರ್ಥವೂ, ಸ್ವಲ್ಪ ಹಟವೂ ಇರುವ ಹೆಂಗಸು. ಹಾಸ್ಯ ಪಾತ್ರಗಳ ಅನುಭವ ಉಮಾಶ್ರೀಯವರಿಗೆ ಇಲ್ಲಿ ನೆರವಾಗಿದೆ. ನಗಿಸಬಲ್ಲವಳನ್ನು ನಾವು ಕರುಣೆಯಿಂದ ನೋಡುವುದಿಲ್ಲ, ಸಲಿಗೆಯಿಂದ ನೋಡುತ್ತೇವೆ. ಮುಸಲ್ಮಾನರ ಬಗ್ಗೆ ಕರುಣೆ ತೋರಿಸಿದ ಚಿತ್ರಗಳು ಹಲವು ಬಂದಿವೆ, ಸಲಿಗೆ ತೋರಿಸಿದವು ಕಡಿಮೆ.

ಈ ಸಂಚಾರ ಒಮ್ಮುಖವಲ್ಲ ಎಂಬುದಕ್ಕೂ ಕರಾವಳಿಯೇ ಸಾಕ್ಷಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಎದುರು ಬದುರು ಕುಳಿತ ಅರ್ಥಧಾರಿಗಳು ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಆಹಾರ್ಯ ಪೂರ್ತಿ ಇಲ್ಲವಾದಾಗ ಅರ್ಥಧಾರಿಯ ಬಳಿ ಉಳಿಯುವುದು ಪಾತ್ರದ ತಿಳಿವಳಿಕೆ ಮಾತ್ರ. ಸಂಪಾಜೆಯ ಜಬ್ಬಾರ್ ಸಮೋ ಈ ಕಲೆಯಲ್ಲಿ ಹೆಸರಾದ ಅರ್ಥಧಾರಿ. ರಾಮಾಯಣ, ಮಹಾಭಾರತಗಳ ಪಾತ್ರಗಳಿಗೆ ಅವರು ಅರ್ಥ ಹೇಳುವಾಗ ಸಭೆ ತೂಗುವುದು ಅವರ ವಾದದ ಬಿಗಿಯನ್ನು. ‘ವಾಲಿವಧೆ’ಯಂಥ ಪ್ರಸಂಗದಲ್ಲಿ ಈ ರಾತ್ರಿ ರಾಮನ ಪರ ಮಾತಾಡಿದವರು ಮತ್ತೊಂದು ರಾತ್ರಿ ವಾಲಿಯ ಪರ ಮಾತಾಡಬೇಕಾಗುತ್ತದೆ. ಎದುರಾಳಿಯ ನ್ಯಾಯವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ದೊಡ್ಡ ಅರ್ಥಧಾರಿ. ಸಾಹನಿ ಸಲೀಂ ಮಿರ್ಜಾನ ವಿಷಯದಲ್ಲಿ ಮಾಡಿದ್ದೂ ಇದನ್ನೇ.

ಈಚಿನ ವರ್ಷಗಳಲ್ಲಿ ಯಾರ ಪಾತ್ರವನ್ನು ಯಾರು ಮಾಡಬೇಕು ಎಂಬ ಚರ್ಚೆ ಎಲ್ಲೆಡೆ ನಡೆದಿದೆ. ಆಯಾ ಸಮುದಾಯದ ಪಾತ್ರವನ್ನು ಆಯಾ ಸಮುದಾಯದವರೇ ಮಾಡಲಿ ಎಂಬ ವಾದದ ಹಿಂದೆ ನ್ಯಾಯವಾದ ನೋವಿದೆ. ತಲೆಮಾರುಗಳ ಕಾಲ ನಮ್ಮ ಮುಖವನ್ನು ಬೇರೆಯವರು ಬಿಡಿಸಿದ್ದಾರೆ, ಅದೂ ಎಷ್ಟೋ ಸಲ ತಪ್ಪಾಗಿ. ಆದರೆ ಈ ವಾದವನ್ನು ತುದಿ ಮುಟ್ಟಿಸಿದರೆ ಸಾಹನಿ ಸಲೀಂ ಆಗುವಂತಿಲ್ಲ, ಯೂಸುಫ್ ಖಾನ್ ಗಂಗಾ ಆಗುವಂತಿಲ್ಲ, ಜಬ್ಬಾರ್ ಸಮೋ ಅರ್ಥ ಹೇಳುವಂತಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು ತಮ್ಮ ತಮ್ಮ ವೇಷ ಕಟ್ಟಿಕೊಂಡರೆ ನೆರೆಮನೆಗೆ ಹೋಗುವವರು ಯಾರು? ಮನೆಗಳೇ ಬೇರೆ ಬೇರೆ ಬಡಾವಣೆಗಳಾಗಿ ಒಡೆಯುತ್ತಿರುವ ಈ ದಿನಗಳಲ್ಲಿ, ಇನ್ನೊಬ್ಬರ ಅಡುಗೆಮನೆಯವರೆಗೂ ಹೋಗಿ ಬರಲು ಪರವಾನಗಿ ಇರುವ ಕೆಲವೇ ಮಂದಿಯಲ್ಲಿ ನಟ ಒಬ್ಬ. ಆ ಪರವಾನಗಿಯನ್ನು ನಾವೇ ಹರಿದು ಹಾಕಬಾರದು.

ಆದರೆ ಪರವಾನಗಿ ಪುಕ್ಕಟೆಯೂ ಅಲ್ಲ. ಒಳಗೆ ಬಂದವರು ಕಸುಬು ಕಲಿಯಬೇಕು, ಭಾಷೆ ಕಲಿಯಬೇಕು, ಒಬ್ಬ ನಿರ್ದಿಷ್ಟ ಮನುಷ್ಯನ ಕಥೆಗೆ ಕಿವಿಗೊಡಬೇಕು. ಕಥೆಗಾರರೂ ನಿರ್ದೇಶಕರೂ ಟೋಪಿಯ ಬಣ್ಣ ಬರೆಯುವ ಮೊದಲು ಅವನ ದುಡಿಮೆ ಏನು, ಸಾಲ ಎಷ್ಟು, ಯಾರ ಮುಂದೆ ಅವನು ದನಿ ತಗ್ಗಿಸುತ್ತಾನೆ ಎಂಬುದನ್ನು ಬರೆದುಕೊಡಬೇಕು. ಇತ್ತ ನಾವೂ ಬಾಗಿಲು ತೆರೆದಿಡಬೇಕು. ನಟನೆ ನಮಗೆ ಸಲ್ಲದ ಕೆಲಸ ಎಂಬ ಅಭಿಪ್ರಾಯ ನಮ್ಮಲ್ಲಿ ಹಲವರಿಗಿದೆ. ಆ ಚರ್ಚೆ ಬೇರೆ, ಅದನ್ನು ಬಲ್ಲವರು ಮಾಡಲಿ. ಆದರೆ ನಮ್ಮ ಹುಡುಗ ಹುಡುಗಿಯರು ಶಾಲೆಯ ನಾಟಕದಿಂದಲೂ, ಹೆಗ್ಗೋಡಿನ ನೀನಾಸಂ, ಮೈಸೂರಿನ ರಂಗಾಯಣಗಳಂಥ ರಂಗಶಾಲೆಗಳಿಂದಲೂ ದೂರ ಉಳಿದಷ್ಟೂ ನಮ್ಮ ಬದುಕನ್ನು ಬೇರೆಯವರು ದೂರದಿಂದಲೇ ಊಹಿಸಿಕೊಳ್ಳುತ್ತಾರೆ. ಊಹೆ ತಪ್ಪಾದಾಗ ದೂರುವ ಹಕ್ಕು ನಮಗಿದೆ ನಿಜ. ಅದಕ್ಕೂ ಮೊದಲು, ಕಲ್ಕತ್ತೆಯ ಆ ರಿಕ್ಷಾದವನಂತೆ ಹತ್ತಿರ ಹೋಗಿ ‘ಇಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳುವ, ನಮ್ಮ ಕಥೆಯನ್ನು ನಾವೇ ಹೇಳುವ ಕೆಲಸವೂ ನಮ್ಮ ಮೇಲಿದೆ.